ಕಪ್ಪಗೆ ಕಂಡದ್ದೆಲ್ಲ ತೂತಲ್ಲ

ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಸೂರ್ಯನ ಹೊರ ವಾತಾವರಣವಾದ ಕರೋನಾದಲ್ಲಿ ಬಾಹ್ಯಾಕಾಶ ನೌಕೆಗಳಿಗೆ ಕಾಣುವ ಮಸುಕು ಜಾಗಗಳ, ಅಂದರೆ ಕರೋನಾ ರಂಧ್ರಗಳ ಬಗ್ಗೆ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಿಂದ ಬಂದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಒಂದೇ ವಿಷಯ ಕೇಳಿದವರ ಪ್ರಶ್ನೆಗಳನ್ನು ಒಂದರಲ್ಲೇ ಸೇರಿಸಿದ್ದೇವೆ.

ಪ್ರಶ್ನೆ: ಸೂರ್ಯನಿಗೆ ಭೂಮಿಗಿಂತ ಎಷ್ಟೋ ಪಟ್ಟು ಅಗಲದ ತೂತು ಬಿದ್ದಿದೆಯೆಂದು ಟಿ.ವಿ.ಯಲ್ಲಿ ತೋರಿಸಿದರು. ನಮ್ಮ ಜಮೀನು ಸೋಲಾರ್ ಪಾರ್ಕಿಗೆ ಗುತ್ತಿಗೆ ಹೋಗಿದೆ. ಬಿಸಿಲು ತಗ್ಗಿ ಕರೆಂಟು ಇಳಿದೀತೇ?
— ಪಾವಗಡ ತಾಲ್ಲೂಕಿನ ರೈತರು

ಉತ್ತರ: ಇಳಿಯುವುದಿಲ್ಲ, ಒಂದು ಯೂನಿಟ್ಟೂ ಇಳಿಯುವುದಿಲ್ಲ. ನೀವು ಕಂಡ ಚಿತ್ರ ಬಿಸಿಲಿನ ಬೆಳಕಿನಲ್ಲಿ ತೆಗೆದದ್ದಲ್ಲ. 193 ಆಂಗ್‌ಸ್ಟ್ರಾಮ್ (ಒಂದು ಆಂಗ್‌ಸ್ಟ್ರಾಮ್ ಎಂದರೆ ಸೆಂಟಿಮೀಟರಿನ ಹತ್ತು ಕೋಟಿಯ ಒಂದು ಪಾಲು) ತರಂಗಾಂತರದ ತೀವ್ರ ನೇರಳಾತೀತ ಬೆಳಕಿನಲ್ಲಿ ಉಪಗ್ರಹ ತೆಗೆದ ಚಿತ್ರಕ್ಕೆ ಆಮೇಲೆ ಕಂಚಿನ ಬಣ್ಣ ಬಳಿದದ್ದು. ಆ ಬೆಳಕು ನಮ್ಮ ಕಣ್ಣಿಗೂ ಕಾಣದು, ಸೋಲಾರ್ ಫಲಕಕ್ಕೂ ತಾಗದು. ಭೂಮಿಯಿಂದ ನೂರು ಕಿ.ಮೀ. ಎತ್ತರದಲ್ಲೇ ಗಾಳಿ ಅದನ್ನು ನುಂಗಿಬಿಡುತ್ತದೆ.

ವಾತಾವರಣದ ಹೊರಗೆ ಒಂದು ಚದರ ಮೀಟರಿನ ಮೇಲೆ ಬೀಳುವ ಬಿಸಿಲು ಸುಮಾರು 1361 ವ್ಯಾಟ್. ಅದರಲ್ಲಿ ತೀವ್ರ ನೇರಳಾತೀತದ ಪಾಲು ಕೆಲವು ಮಿಲಿವ್ಯಾಟ್ ಮಾತ್ರ. ಒಟ್ಟು ಬಿಸಿಲನ್ನು ಒಂದು ಲಕ್ಷ ರೂಪಾಯಿ ಎಂದಿಟ್ಟುಕೊಂಡರೆ ಈ ಪಾಲು ಒಂದು ರೂಪಾಯಿಯೂ ಆಗುವುದಿಲ್ಲ. ಸಿಲಿಕಾನ್ ಫಲಕ ದುಡಿಯುವುದು ಸುಮಾರು 3000ದಿಂದ 11000 ಆಂಗ್‌ಸ್ಟ್ರಾಮ್ ನಡುವಿನ ಬೆಳಕಿನಿಂದ. ಅದು ಹೊರಡುವುದು ಕರೋನಾಕ್ಕಿಂತ ಕೆಳಗಿರುವ ದ್ಯುತಿಗೋಳದಿಂದ, ಅಂದರೆ ನಾವು ದಿನಾ ನೋಡುವ ಸೂರ್ಯನ ಮೈಯಿಂದ. 'ತೂತಿನ' ಕೆಳಗೂ ದ್ಯುತಿಗೋಳ ಬೇರೆಡೆ ಉರಿಯುವಷ್ಟೇ ಉರಿಯುತ್ತಿರುತ್ತದೆ. ಪಾವಗಡದ 13,000 ಎಕರೆಯ 2050 ಮೆಗಾವ್ಯಾಟ್ ಪಾರ್ಕಿಗೆ ಫಲಕದ ಮೇಲಿನ ಧೂಳು ಮತ್ತು ಆಷಾಢದ ಮೋಡ ಮಾಡುವಷ್ಟು ನಷ್ಟವನ್ನು ಯಾವ ಕರೋನಾ ರಂಧ್ರವೂ ಮಾಡಲಾರದು.

ಪ್ರಶ್ನೆ: ತೂತೇ ಅಲ್ಲವೆಂದ ಮೇಲೆ ಅಲ್ಲಿ ಕಪ್ಪಗೆ ಕಾಣುವುದೇಕೆ? ಸೂರ್ಯಕಲೆಯಂತೆ ಅದೂ ತಣ್ಣಗಿನ ಜಾಗವೇ? ಹತ್ತನೇ ತರಗತಿಯ ಮಕ್ಕಳಿಗೆ ಹೇಗೆ ಹೇಳಲಿ?
— ಪ್ರೌಢಶಾಲಾ ಶಿಕ್ಷಕಿ, ಮಧುಗಿರಿ

ಉತ್ತರ: ಸೂರ್ಯಕಲೆಯನ್ನೂ ಕರೋನಾ ರಂಧ್ರವನ್ನೂ ಮಕ್ಕಳ ಮನಸ್ಸಿನಲ್ಲಿ ಮೊದಲೇ ಬೇರ್ಪಡಿಸಿ. ಸೂರ್ಯಕಲೆ ಇರುವುದು ದ್ಯುತಿಗೋಳದಲ್ಲಿ. ಸುತ್ತಲಿನ ಸುಮಾರು 5800 ಕೆಲ್ವಿನ್ ಎದುರಿಗೆ ಅಲ್ಲಿ ನಾಲ್ಕು ಸಾವಿರದ ಆಸುಪಾಸು ಇರುವುದರಿಂದ ಕಪ್ಪಾಗಿ ಕಾಣುತ್ತದೆ. ಕರೋನಾ ರಂಧ್ರ ಅದಕ್ಕಿಂತ ಮೇಲಿನದು. ಅಲ್ಲಿಯ ಉಷ್ಣತೆ ಸುಮಾರು ಹತ್ತು ಲಕ್ಷ ಕೆಲ್ವಿನ್. 'ತಣ್ಣಗೆ' ಅನ್ನುವುದು ನೆರೆಯ ಕರೋನಾದ ಹದಿನೈದು ಇಪ್ಪತ್ತು ಲಕ್ಷಕ್ಕೆ ಹೋಲಿಸಿದ ಮಾತು ಅಷ್ಟೇ.

ಕಪ್ಪಿಗೆ ಮುಖ್ಯ ಕಾರಣ ಸಾಂದ್ರತೆ. ಕರೋನಾದ ಈ ಬೆಳಕು ಹುಟ್ಟುವುದು ಎಲೆಕ್ಟ್ರಾನುಗಳು ಅಯಾನುಗಳಿಗೆ ಡಿಕ್ಕಿ ಹೊಡೆದಾಗ. ಎಲೆಕ್ಟ್ರಾನೂ ಕಡಿಮೆ, ಅಯಾನೂ ಕಡಿಮೆ ಆದರೆ ಡಿಕ್ಕಿಗಳು ಎರಡು ಕಡೆಯಿಂದಲೂ ಇಳಿಯುತ್ತವೆ. ಹಾಗಾಗಿ ಹೊಳಪು ಸಾಂದ್ರತೆಯ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಸಾಂದ್ರತೆ ಮೂರರಲ್ಲಿ ಒಂದು ಪಾಲಾದರೆ ಹೊಳಪು ಒಂಬತ್ತರಲ್ಲಿ ಒಂದು ಪಾಲು. ಇದರ ಜೊತೆ ಇನ್ನೊಂದು ಪೆಟ್ಟೂ ಇದೆ. 193ರ ಬೆಳಕನ್ನು ಹೆಚ್ಚಾಗಿ ಕೊಡುವುದು ತನ್ನ 26 ಎಲೆಕ್ಟ್ರಾನುಗಳಲ್ಲಿ 11ನ್ನು ಕಳೆದುಕೊಂಡ ಕಬ್ಬಿಣ. ಅಷ್ಟು ಕಳೆದುಕೊಳ್ಳಲು ಹದಿನೈದು ಲಕ್ಷ ಕೆಲ್ವಿನ್ ಸುತ್ತಮುತ್ತ ಬೇಕು. ರಂಧ್ರದಲ್ಲಿ ಅಷ್ಟು ಬಿಸಿ ಇಲ್ಲದ್ದರಿಂದ ಇರುವ ಕಬ್ಬಿಣದಲ್ಲೂ ಕೆಲಸಕ್ಕೆ ಬರುವ ಅಯಾನು ಕಡಿಮೆ.

ಸಾಂದ್ರತೆ ಏಕೆ ಕಡಿಮೆ? ನಿಮ್ಮ ಮಕ್ಕಳಿಗೆ ಕೆರೆ ಗೊತ್ತು, ತೂಬು ಗೊತ್ತು. ಸಾಮಾನ್ಯ ಕರೋನಾದಲ್ಲಿ ಕಾಂತರೇಖೆಗಳು ಸೂರ್ಯನಿಂದ ಎದ್ದು ಬಾಗಿ ಮತ್ತೆ ಸೂರ್ಯನಿಗೇ ಇಳಿಯುತ್ತವೆ. ವಿದ್ಯುದಾವೇಶ ಹೊತ್ತ ಅನಿಲ, ಅಂದರೆ ಪ್ಲಾಸ್ಮಾ, ರೇಖೆಯ ಉದ್ದಕ್ಕೆ ಹರಿದೀತೇ ಹೊರತು ಅಡ್ಡ ದಾಟಲಾರದು. ಕಟ್ಟೆಯೊಳಗಿನ ನೀರಿನಂತೆ ನಿಂತು ತುಂಬಿಕೊಳ್ಳುತ್ತದೆ. ಕರೋನಾ ರಂಧ್ರದಲ್ಲಿ ರೇಖೆಗಳು ಒಂದೇ ಧ್ರುವದವು. ಅವು ಹಿಂದಿರುಗದೆ ಗ್ರಹಗಳ ನಡುವಿನ ಅಂತರಿಕ್ಷಕ್ಕೆ ಚಾಚಿರುತ್ತವೆ. ಇದು ತೂಬು ಎತ್ತಿದ ಕೆರೆ. ಒಳಬಂದ ಶಕ್ತಿಯ ಬಹುಪಾಲು ಬೆಳಕಾಗುವ ಬದಲು ಹರಿವಾಗಿ ಹೊರಡುತ್ತದೆ. ಆ ಹರಿವೇ ವೇಗದ ಸೌರ ಮಾರುತ, ಸೆಕೆಂಡಿಗೆ 700ರಿಂದ 800 ಕಿ.ಮೀ. ಬೇರೆಡೆಯಿಂದ ಬರುವ ನಿಧಾನದ ಮಾರುತ 300ರಿಂದ 400.

ಪ್ರಶ್ನೆ: ನನ್ನಲ್ಲಿ ನಾಲ್ಕಿಂಚಿನ ದೂರದರ್ಶಕವೂ ಸೋಲಾರ್ ಫಿಲ್ಟರೂ ಇವೆ. ಅಂತರಜಾಲದಲ್ಲಿ ದೊಡ್ಡ ರಂಧ್ರ ತೋರಿಸುವ ದಿನವೂ ನನಗೆ ಏನೂ ಕಾಣುವುದಿಲ್ಲ.
— ತುಮಕೂರು ನಗರ

ಉತ್ತರ: ನಿಮ್ಮ ಉಪಕರಣದ ತಪ್ಪಲ್ಲ. ಬಿಳಿ ಬೆಳಕಿನ ಫಿಲ್ಟರು ತೋರಿಸುವುದು ದ್ಯುತಿಗೋಳವನ್ನು. ದುಡ್ಡು ಹಾಕಿ ಹೈಡ್ರೋಜನ್ ಆಲ್ಫಾ ಫಿಲ್ಟರ್ ತಂದರೂ ದ್ಯುತಿಗೋಳದ ಮೇಲಿನ ಪದರವಾದ ವರ್ಣಗೋಳದವರೆಗೆ ಮಾತ್ರ ಏರಬಹುದು. ಕರೋನಾದ ಬಿಳಿ ಬೆಳಕು ದ್ಯುತಿಗೋಳದ ಹತ್ತು ಲಕ್ಷದ ಒಂದು ಪಾಲು. ಅದು ಬರಿಗಣ್ಣಿಗೆ ಸಿಗುವುದು ಪೂರ್ಣ ಗ್ರಹಣದ ಆ ಕೆಲವು ನಿಮಿಷ ಮಾತ್ರ. ನೆಲದಿಂದ ಕರೋನಾ ರಂಧ್ರದ ಜಾಡು ಹಿಡಿಯಲು ವೀಕ್ಷಣಾಲಯಗಳು ಹೀಲಿಯಂನ 10830 ಆಂಗ್‌ಸ್ಟ್ರಾಮ್ ರೇಖೆಯನ್ನು ಬಳಸುತ್ತವೆ. ತಮಾಷೆಯೆಂದರೆ ಅದರಲ್ಲಿ ರಂಧ್ರ ಕಪ್ಪಲ್ಲ, ತುಸು ಬೆಳ್ಳಗೆ ಕಾಣುತ್ತದೆ. ಮೇಲಿನಿಂದ ಬರುವ ಕ್ಷ-ಕಿರಣ ಮತ್ತು ನೇರಳಾತೀತ ಕಡಿಮೆಯಾದಾಗ ಆ ರೇಖೆಯಲ್ಲಿ ಬೆಳಕು ಹೀರುವ ಹೀಲಿಯಮ್ಮೂ ಕಡಿಮೆಯಾಗುವುದೇ ಕಾರಣ.

ಕೇಳದಿದ್ದರೂ ಒಂದು ಮಾತು. ಫಿಲ್ಟರು ಕೊಳವೆಯ ಮುಂಬದಿಗೇ ಇರಲಿ, ಕಣ್ಣಿಡುವ ತುದಿಗೆ ಬೇಡ. ಅಲ್ಲಿ ಒಟ್ಟುಗೂಡಿದ ಬಿಸಿಗೆ ಅದು ಬಿರಿದರೆ ಕಣ್ಣು ಮುಚ್ಚುವಷ್ಟು ಸಮಯವೂ ಸಿಗದು. ಹಾಳೆ ಫಿಲ್ಟರಾದರೆ ಪ್ರತಿ ಸಲ ಆಕಾಶಕ್ಕೆ ಹಿಡಿದು ಸೂಜಿರಂಧ್ರ ಇದೆಯೇ ನೋಡಿ. ಫೈಂಡರಿನ (ಪಕ್ಕದ ಪುಟ್ಟ ದೂರದರ್ಶಕದ) ಮುಚ್ಚಳ ತೆಗೆಯಬೇಡಿ.

ಪ್ರಶ್ನೆ: ಕರೋನಾ ರಂಧ್ರದ ವಿಸ್ತೀರ್ಣ ಅಳೆಯುವುದು ನನ್ನ ಎಂ.ಎಸ್ಸಿ ಪ್ರಾಜೆಕ್ಟ್. ನಾಸಾದ ಸೌರ ವೀಕ್ಷಣಾ ನೌಕೆ ಎಸ್‌ಡಿಒ ತೆಗೆದ ಚಿತ್ರಗಳನ್ನು ಇಳಿಸಿಕೊಂಡು ಕಪ್ಪು ಪಿಕ್ಸೆಲ್ ಎಣಿಸಿದೆ. ಒಂದೇ ರಂಧ್ರ ಒಂದು ದಿನ ಇಷ್ಟು, ಮರುದಿನ ಅದರ ಎರಡರಷ್ಟು ಬರುತ್ತಿದೆ. ಎಲ್ಲಿ ತಪ್ಪುತ್ತಿದ್ದೇನೆ?
— ಚಿಂತಾಮಣಿ

ಉತ್ತರ: ನೀವು ಕಳಿಸಿದ ಚಿತ್ರ ಜೆಪೆಗ್. ಮೊದಲ ತಪ್ಪು ಅಲ್ಲೇ ಇದೆ. ಜೆಪೆಗ್‌ನಲ್ಲಿರುವುದು ನೋಡಲು ಚೆನ್ನಾಗಿರಲೆಂದು ಹಿಗ್ಗಿಸಿ ಕುಗ್ಗಿಸಿದ ಬಣ್ಣ. ಅಳತೆಗೆ ಮೂಲ ಎಣಿಕೆಗಳನ್ನೇ ಇಟ್ಟುಕೊಂಡ ಫಿಟ್ಸ್ ಕಡತವೇ ಬೇಕು. 2010ರ ಫೆಬ್ರುವರಿ 11ರಂದು ಹಾರಿದ ಎಸ್‌ಡಿಒದ ಎಐಎ ಉಪಕರಣ 4096 × 4096 ಪಿಕ್ಸೆಲ್ಲಿನ ಚಿತ್ರಗಳನ್ನು 12 ಸೆಕೆಂಡಿಗೊಮ್ಮೆ ತೆಗೆಯುತ್ತದೆ. ಕಾಲೇಜಿನ ಕಂಪ್ಯೂಟರಿಗೆ ಅದು ಭಾರ. ಎರಡು ನಿಮಿಷಕ್ಕೊಂದರಂತೆ ಸಿಗುವ 1024 × 1024ರ ಸಿನಾಪ್ಟಿಕ್ ಕಡತಗಳೇ ನಿಮ್ಮ ಕೆಲಸಕ್ಕೆ ಸಾಕು. ಅದರಲ್ಲಿ ಒಂದು ಪಿಕ್ಸೆಲ್ 2.4 ಆರ್ಕ್‌ಸೆಕೆಂಡು (ಒಂದು ಆರ್ಕ್‌ಸೆಕೆಂಡು ಡಿಗ್ರಿಯ 3600ರಲ್ಲಿ ಒಂದು ಪಾಲು), ಸೂರ್ಯಬಿಂಬದ ನಡುವೆ ಸುಮಾರು 1740 ಕಿ.ಮೀ.

ಕಡತ ತೆರೆದೊಡನೆ ಶಿರೋಲೇಖದಲ್ಲಿ ಎಕ್ಸ್‌ಪೋಶರ್ ಕಾಲ ನೋಡಿ, ಚಿತ್ರವನ್ನು ಅದರಿಂದ ಭಾಗಿಸಿ. ಸೌರಜ್ವಾಲೆ ಎದ್ದಾಗ ಉಪಕರಣ ತಾನಾಗಿ ಎಕ್ಸ್‌ಪೋಶರ್ ಇಳಿಸುತ್ತದೆ. ಭಾಗಿಸದೆ ಬಿಟ್ಟರೆ ಇಡೀ ಬಿಂಬ ಮಂಕಾಗಿ ರಂಧ್ರ ಊದಿಕೊಂಡಂತೆ ಲೆಕ್ಕ ಬರುತ್ತದೆ. ಒಂದು ದಿನಕ್ಕೆ ಎರಡರಷ್ಟಾದದ್ದಕ್ಕೆ ನಮ್ಮ ಮೊದಲ ಅನುಮಾನ ಇದರ ಮೇಲೇ. ಬೇರೆ ಬೇರೆ ವರ್ಷಗಳನ್ನು ಹೋಲಿಸುವುದಾದರೆ ಉಪಕರಣದ ಸವಕಳಿಯನ್ನೂ ಸರಿಪಡಿಸಬೇಕು. ಪೈಥಾನಿನ ಸನ್‌ಪೈ ತಂತ್ರಾಂಶದ ಜೊತೆ ಬಳಸುವ ಎಐಎಪೈನಲ್ಲಿ ಅದಕ್ಕೆಂದೇ ಆದೇಶವಿದೆ. 304 ಮತ್ತು 335 ಆಂಗ್‌ಸ್ಟ್ರಾಮ್ ವಾಹಿನಿಗಳು ಹೆಚ್ಚು ಸವೆದಿವೆ.

ಇನ್ನು ಗಡಿ ಗೆರೆ. 'ಇಷ್ಟು ಎಣಿಕೆಗಿಂತ ಕಡಿಮೆಯಾದರೆ ರಂಧ್ರ' ಎಂದು ಸ್ಥಿರ ಸಂಖ್ಯೆ ಇಟ್ಟುಕೊಳ್ಳಬೇಡಿ. ಬಿಂಬದ ಒಳಗಿನ ಪಿಕ್ಸೆಲ್‌ಗಳ ಮಧ್ಯಾಂಕ ತೆಗೆದು ಅದರ 35 ಶೇಕಡದ ಸುತ್ತ ಗಡಿ ಇಡುವುದು 193ರಲ್ಲಿ ರೂಢಿಯಲ್ಲಿದೆ. ಸರಾಸರಿ ಬೇಡ. ನಾಲ್ಕು ಉಜ್ವಲ ಪ್ರದೇಶ ಬಂದರೆ ಸರಾಸರಿ ಎದ್ದು ಕುಣಿಯುತ್ತದೆ, ಮಧ್ಯಾಂಕ ಅಷ್ಟು ಅಲುಗುವುದಿಲ್ಲ. ಬಿಂಬದ ಹೊರಗಿನ ಕಪ್ಪು ಆಕಾಶ ಲೆಕ್ಕದೊಳಗೆ ನುಸುಳದಂತೆ ಮೊದಲೇ ಮುಚ್ಚಿಬಿಡಿ. ಆಮೇಲೆ ಗಡಿಯನ್ನು 30ಕ್ಕೂ 40ಕ್ಕೂ ಸರಿಸಿ ವಿಸ್ತೀರ್ಣ ಎಷ್ಟು ಬದಲಾಗುತ್ತದೆ ನೋಡಿ. ಹೆಚ್ಚೇನೂ ಬದಲಾಗದಿದ್ದರೆ ರಂಧ್ರದ ಅಂಚು ಕಡಿದಾಗಿದೆ, ನಿಮ್ಮ ಅಂಕಿ ನಂಬಬಹುದು. ಸಿಕ್ಕಾಪಟ್ಟೆ ಬದಲಾದರೆ ವರದಿಯಲ್ಲಿ ಒಂದೇ ಅಂಕಿ ಬರೆದು ಎರಡು ದಶಮಾಂಶ ಹಾಕುವುದು ಬೇಡ, ವ್ಯಾಪ್ತಿ ಬರೆಯಿರಿ. ಪಕ್ಕದ ಉಜ್ವಲ ಪ್ರದೇಶದಿಂದ ಚದುರಿದ ಬೆಳಕು ರಂಧ್ರದೊಳಕ್ಕೆ ಸುರಿದು ಅಂಚನ್ನು ಒಳಕ್ಕೆ ತಿನ್ನುವುದೂ ಉಂಟು.

ಎಣಿಕೆಯಲ್ಲಿ ಇನ್ನೊಂದು ಲೋಪವಿದೆ. ಸೂರ್ಯ ಚೆಂಡು, ತಟ್ಟೆಯಲ್ಲ. ಬಿಂಬದ ಕೇಂದ್ರದಿಂದ ದೂರ ಹೋದಂತೆ ಪ್ರತಿ ಪಿಕ್ಸೆಲ್ಲಿನಡಿ ಅಡಗಿದ ನೆಲ ಹೆಚ್ಚು. ಕೇಂದ್ರದಿಂದ ಇರುವ ಅಂತರವನ್ನು ಬಿಂಬದ ತ್ರಿಜ್ಯದಿಂದ ಭಾಗಿಸಿದರೆ ಕೋನದ ಸೈನ್ ಸಿಗುತ್ತದೆ. ಪಿಕ್ಸೆಲ್ ವಿಸ್ತೀರ್ಣವನ್ನು ಆ ಕೋನದ ಕೊಸೈನಿನಿಂದ ಭಾಗಿಸಿ. 60 ಡಿಗ್ರಿಯಲ್ಲಿ ಅದು ಸರಿಯಾಗಿ ಎರಡು ಪಟ್ಟು. ಅಲ್ಲಿಂದಾಚೆ ಅಳೆಯಲೇಬೇಡಿ. ಅಂಚಿನಲ್ಲಿ ಎದುರಿನ ಎತ್ತರದ ಹೊಳೆಯುವ ಕುಣಿಕೆಗಳು ಹಿಂದಿನ ರಂಧ್ರವನ್ನು ಮರೆಮಾಡುತ್ತವೆ, ಕೊಸೈನ್ ಅದನ್ನು ಸರಿಮಾಡಲಾರದು.

ಕೊನೆಯದಾಗಿ, ನಿಮ್ಮ ಚಿತ್ರದ ಈಶಾನ್ಯ ಮೂಲೆಯ ಉದ್ದನೆಯ ಕಪ್ಪು ಪಟ್ಟಿ ರಂಧ್ರವಲ್ಲ, ತಂತು. ಕಾಂತಕ್ಷೇತ್ರದ ಮೇಲೆ ತೂಗಿ ನಿಂತ ತಂಪು ಅನಿಲದ ಎಳೆ. ಅದರೊಳಗಿನ ಹೈಡ್ರೋಜನ್, ಹೀಲಿಯಂ ಹಿಂದಿನಿಂದ ಬರುವ 193ರ ಬೆಳಕನ್ನು ಹೀರಿ ಕಪ್ಪಾಗಿಸುತ್ತವೆ. ರಂಧ್ರದಲ್ಲಿ ಬೆಳಕು ಹುಟ್ಟುವುದೇ ಕಡಿಮೆ, ತಂತಿನಲ್ಲಿ ಹುಟ್ಟಿದ ಬೆಳಕಿಗೆ ಪರದೆ ಬಿದ್ದಿದೆ. ಬೇರ್ಪಡಿಸಲು ಎರಡು ಪರೀಕ್ಷೆ. ಹೀಲಿಯಂನ 304 ಚಿತ್ರದಲ್ಲಿ ತಂತು ಕಪ್ಪು ಗೆರೆಯಾಗಿ ಎದ್ದು ಕಾಣುತ್ತದೆ, ರಂಧ್ರ ಅಲ್ಲಿ ಸುತ್ತಲಿನ ಜಾಗದಿಂದ ಬಿಡಿಸಿ ಹೇಳುವಷ್ಟು ಕಪ್ಪಾಗಿರುವುದಿಲ್ಲ. ಅದಕ್ಕಿಂತ ಗಟ್ಟಿ ಪರೀಕ್ಷೆ ಅದೇ ನೌಕೆಯ ಎಚ್‌ಎಂಐ ಉಪಕರಣ ಕೊಡುವ ಕಾಂತಚಿತ್ರ, ಅಂದರೆ ಕಾಂತಕ್ಷೇತ್ರದ ನಕ್ಷೆ. ಗಡಿಯೊಳಗಿನ ಧನ ಮತ್ತು ಋಣ ಕಾಂತಕ್ಷೇತ್ರವನ್ನು ಕೂಡಿಸಿ ನೋಡಿ. ಒಂದು ಕಡೆಗೆ ವಾಲಿದರೆ ರಂಧ್ರ. ತಂತು ಮಲಗಿರುವುದೇ ಎರಡು ಧ್ರುವಗಳ ಗಡಿಯ ಮೇಲಾದ್ದರಿಂದ ಅಲ್ಲಿ ಎರಡೂ ಹೆಚ್ಚುಕಡಿಮೆ ಸರಿದೂಗುತ್ತವೆ.

ಪ್ರಶ್ನೆ: ಸೆಪ್ಟೆಂಬರಿನಲ್ಲಿ ಒಂದು ಮಧ್ಯಾಹ್ನ ನೋಡಿದಾಗ ಎಸ್‌ಡಿಒ ಚಿತ್ರದಲ್ಲಿ ಅರ್ಧ ಸೂರ್ಯನೇ ಇರಲಿಲ್ಲ!
— ಶಿಡ್ಲಘಟ್ಟ

ಉತ್ತರ: ಅಡ್ಡ ಬಂದದ್ದು ನಾವೇ, ಅಂದರೆ ಭೂಮಿ. ಎಸ್‌ಡಿಒ ಸುತ್ತುವುದು ಅಮೆರಿಕದ ಮೇಲೆ 102 ಡಿಗ್ರಿ ಪಶ್ಚಿಮ ರೇಖಾಂಶದಲ್ಲಿ, ದಿನಕ್ಕೊಂದು ಸುತ್ತಿನ ಕಕ್ಷೆಯಲ್ಲಿ. ವರ್ಷಕ್ಕೆರಡು ಸಲ, ವಿಷುವದ ಆಸುಪಾಸಿನ ಸುಮಾರು ಮೂರು ವಾರ, ಅಲ್ಲಿಯ ನಡುರಾತ್ರಿಯಲ್ಲಿ ಭೂಮಿ ಸೂರ್ಯನಿಗೆ ಅಡ್ಡ ಬರುತ್ತದೆ. ಹೆಚ್ಚೆಂದರೆ 72 ನಿಮಿಷ. ಅಲ್ಲಿಯ ನಡುರಾತ್ರಿ ನಮಗೆ ಮಧ್ಯಾಹ್ನ ಹನ್ನೆರಡು ಕಾಲು. ಭೂಮಿಯ ಅಂಚು ವಾತಾವರಣದಿಂದಾಗಿ ಮಸುಕಾಗಿ ಕಾಣುತ್ತದೆ. ಕತ್ತರಿಸಿದಂತೆ ಚೂಪಾದ ದುಂಡು ಅಂಚಾದರೆ ಅದು ಚಂದ್ರ. ಚಿಂತಾಮಣಿಯವರೂ ಇದನ್ನು ಗಮನಿಸಬೇಕು. ಆ ಹೊತ್ತಿನ ಕಡತ ಲೆಕ್ಕಕ್ಕೆ ಸಿಕ್ಕಿಬಿದ್ದರೆ ಇಡೀ ಭೂಮಿಯೇ ಕರೋನಾ ರಂಧ್ರವಾಗಿ ನಮೂದಾಗುತ್ತದೆ.

ಪ್ರಶ್ನೆ: ಜ್ವಾಲೆಯೊಂದು ಎದ್ದ ಅರ್ಧ ಗಂಟೆಯೊಳಗೆ ಅದರ ಎರಡೂ ಪಕ್ಕ ಕಪ್ಪು ತೇಪೆ ಮೂಡಿ, ಮರುದಿನ ಮಾಯವಾಯಿತು. ರಂಧ್ರ ಇಷ್ಟು ಬೇಗ ಹುಟ್ಟಿ ಸಾಯುತ್ತದೆಯೇ?
— ತಿಪಟೂರು

ಉತ್ತರ: ಇಲ್ಲ. ಕರೋನಾ ರಂಧ್ರದ ಆಯಸ್ಸು ವಾರಗಳಿಂದ ತಿಂಗಳುಗಳ ಲೆಕ್ಕದ್ದು. ನೀವು ಕಂಡದ್ದು ಕರೋನಾ ಮಂಕಾಗುವಿಕೆ. ರಂಧ್ರ ತೂಬು ಎತ್ತಿದ ಕೆರೆಯಾದರೆ ಇದು ಕಟ್ಟೆ ಒಡೆದ ಕೆರೆ. ಕಾಂತಕ್ಷೇತ್ರದ ಹುರಿಯೊಂದು ಬಿಚ್ಚಿಕೊಂಡು ನೂರು ಕೋಟಿ ಟನ್ನಿನ ಆಸುಪಾಸಿನ ಪ್ಲಾಸ್ಮಾವನ್ನು ಹೊತ್ತು ಹಾರಿದಾಗ, ಅಂದರೆ ಸಿಎಂಇ (ಕರೋನಾ ದ್ರವ್ಯದ ಉಗುಳುವಿಕೆ) ಆದಾಗ, ಅದು ಬಿಟ್ಟುಹೋದ ಜಾಗ ಬರಿದಾಗುತ್ತದೆ. ಜ್ವಾಲೆಯ ಎರಡು ಪಕ್ಕದ ಜೋಡಿ ತೇಪೆಗಳು ಆ ಹುರಿಯ ಎರಡು ಕಾಲುಗಳು ಸೂರ್ಯನಲ್ಲಿ ಊರಿದ್ದ ಜಾಗವೆಂದು ತಿಳಿಯಲಾಗಿದೆ. ಒಂದು ಕಾಲಿನಲ್ಲಿ ಧನ ಕಾಂತಕ್ಷೇತ್ರ, ಇನ್ನೊಂದರಲ್ಲಿ ಋಣ. 1995ರ ಡಿಸೆಂಬರಿನಲ್ಲಿ ಹಾರಿದ ಸೋಹೋ ನೌಕೆಯ ಇಐಟಿ ಉಪಕರಣ 1997ರ ಮೇ 12ರಂದು ಕಂಡ ಜೋಡಿ ತೇಪೆ ಈ ಕ್ಷೇತ್ರದವರ ಬಾಯಲ್ಲಿ ಇಂದಿಗೂ ಇರುವ ಉದಾಹರಣೆ. ಮತ್ತೆ ತುಂಬಿಕೊಳ್ಳಲು ಕೆಲವು ಗಂಟೆಗಳಿಂದ ಒಂದು ದಿನ ಹಿಡಿಯುತ್ತದೆ.

ಇದರಿಂದ ಆಗುವ ಉಪಕಾರ ದೊಡ್ಡದು. ನಮ್ಮತ್ತ ನೇರ ಬರುವ ಸಿಎಂಇ ಸೂರ್ಯಬಿಂಬವನ್ನು ಮುಚ್ಚಿ ಕರೋನಾವನ್ನಷ್ಟೇ ತೋರಿಸುವ ಕರೋನಾಗ್ರಾಫಿನಲ್ಲಿ ಬಿಂಬದ ಸುತ್ತ ಮಸುಕು ಬಳೆಯಂತೆ ಕಾಣುತ್ತದೆ. ಎದುರಿನಿಂದ ಬಂತೋ ಹಿಂಬದಿಯಿಂದ ಹೋಯಿತೋ ಅದರಿಂದ ಹೇಳಲಾಗದು. ಬಿಂಬದ ಮೇಲೆ ಮಂಕು ತೇಪೆ ಕಂಡರೆ ಎದುರಿನದೇ ಎಂದು ಧೈರ್ಯವಾಗಿ ಹೇಳಬಹುದು. ದೂರದ ನಕ್ಷತ್ರಗಳಲ್ಲೂ ಈ ಉಪಾಯ ನಡೆಯುತ್ತದೆ. ಜ್ವಾಲೆಯ ನಂತರ ಅವುಗಳ ಕ್ಷ-ಕಿರಣ ಮತ್ತು ತೀವ್ರ ನೇರಳಾತೀತ ಬೆಳಕು ಮಾಮೂಲಿಗಿಂತ ಕೆಳಗಿಳಿದದ್ದನ್ನು ಹಿಡಿದು, 13 ನಕ್ಷತ್ರಗಳಲ್ಲಿ 21 ಸಿಎಂಇ ಸುಳಿವುಗಳನ್ನು ಸಂಶೋಧಕರು 2021ರಲ್ಲಿ ಪ್ರಕಟಿಸಿದರು.

ನೀವು ವ್ಯತ್ಯಾಸ ಚಿತ್ರ ಮಾಡಿ ನೋಡುತ್ತಿದ್ದರೆ ಎರಡು ಎಚ್ಚರಿಕೆ. ಪ್ರತಿ ಚಿತ್ರದಿಂದ ಅದರ ಹಿಂದಿನದನ್ನು ಕಳೆಯುವ ಪದ್ಧತಿಯಲ್ಲಿ, ಹೊಳೆಯುವ ವಸ್ತು ಜರುಗಿದರೆ ಸಾಕು, ಅದು ಬಿಟ್ಟ ಜಾಗ ಕಪ್ಪಾಗುತ್ತದೆ. ಅದು ಮಂಕಲ್ಲ, ನೆರಳಿನಾಟ. ಜ್ವಾಲೆಗೆ ಮುಂಚಿನ ಒಂದೇ ಚಿತ್ರವನ್ನು ಎಲ್ಲದರಿಂದ ಕಳೆಯಿರಿ. ಆದರೆ ಸೂರ್ಯ ತಿರುಗುತ್ತಿರುತ್ತಾನೆ. ಬಿಂಬದ ನಡುವೆ ಒಂದು ಗಂಟೆಗೆ ಸುಮಾರು 10 ಆರ್ಕ್‌ಸೆಕೆಂಡು ಜರುಗುವುದರಿಂದ 1024ರ ಚಿತ್ರದಲ್ಲಿ ನಾಲ್ಕು ಪಿಕ್ಸೆಲ್ ಹೆಚ್ಚುಕಡಿಮೆ. ಅಷ್ಟನ್ನು ಹಿಂದಕ್ಕೆ ತಿರುಗಿಸಿ ಆಮೇಲೆ ಕಳೆಯಬೇಕು. ಎರಡನೆಯದು, 171ರಲ್ಲಿ ಮಾತ್ರ ಮಂಕಾಗಿ 193, 211ರಲ್ಲಿ ಹೊಳಪು ಏರಿದ್ದರೆ ಅಲ್ಲಿ ದ್ರವ್ಯ ಹೋಗಿಲ್ಲ, ಬಿಸಿಯಾಗಿದೆ. ಮೂರರಲ್ಲೂ ಒಟ್ಟಿಗೆ ಇಳಿದರೆ ಮಾತ್ರ ಬರಿದಾಗಿದೆ ಎನ್ನಿ.

ಪ್ರಶ್ನೆ: ನಮ್ಮೂರ ಹತ್ತಿರದ ರೇಡಿಯೊ ವೀಕ್ಷಣಾಲಯದ ಆಂಟೆನಾಗಳಿಗೆ ಈ ರಂಧ್ರಗಳು ಕಾಣುತ್ತವೆಯೇ?
— ಗೌರಿಬಿದನೂರು

ಉತ್ತರ: ರೇಡಿಯೊ ಅಲೆಗಳಲ್ಲಿ ಸೂರ್ಯ ಬೇರೆಯದೇ ಸೂರ್ಯ. 1976ರಿಂದ ನಡೆಯುತ್ತಿರುವ ಆ ಕೇಂದ್ರದಲ್ಲಿ ಭಾರತೀಯ ಖಭೌತ ಸಂಸ್ಥೆಯ ರೇಡಿಯೊಹೀಲಿಯೊಗ್ರಾಫ್ (ರೇಡಿಯೊ ಅಲೆಗಳಲ್ಲಿ ಸೂರ್ಯನ ಚಿತ್ರ ತೆಗೆಯುವ ಉಪಕರಣ) 1997ರಿಂದ 40–150 ಮೆಗಾಹರ್ಟ್ಸ್ ವ್ಯಾಪ್ತಿಯಲ್ಲಿ ಕೆಲಸ ಮಾಡುತ್ತಿದೆ. ಈ ಆವರ್ತನಗಳ ವಿಶೇಷವೆಂದರೆ ದ್ಯುತಿಗೋಳದಿಂದ ಏನೂ ಬರಲಾರದು. ಪ್ರತಿ ಆವರ್ತನಕ್ಕೂ ಒಂದು ಸಾಂದ್ರತೆಯ ಮಿತಿಯಿದೆ. ಅದಕ್ಕಿಂತ ದಟ್ಟವಾದ ಪ್ಲಾಸ್ಮಾದಿಂದ ಆ ಅಲೆ ಹೊರಬರುವುದಿಲ್ಲ. ಒಂದು ಘನ ಸೆಂಟಿಮೀಟರಿನ ಎಲೆಕ್ಟ್ರಾನ್ ಸಂಖ್ಯೆಯ ವರ್ಗಮೂಲವನ್ನು 9ರಿಂದ ಗುಣಿಸಿದರೆ ಆ ಮಿತಿಯ ಆವರ್ತನ ಕಿಲೋಹರ್ಟ್ಸ್‌ನಲ್ಲಿ ಸಿಗುತ್ತದೆ. 80 ಮೆಗಾಹರ್ಟ್ಸ್‌ಗೆ ಲೆಕ್ಕ ಹಾಕಿ, ಸುಮಾರು ಎಂಟು ಕೋಟಿ ಎಲೆಕ್ಟ್ರಾನು ಎಂದು ಬರುತ್ತದೆ. ಅಷ್ಟು ಸಾಂದ್ರತೆ ಇರುವುದೇ ಕರೋನಾದಲ್ಲಿ. ಹಾಗಾಗಿ ಬಿಂಬದ ಎದುರಿನ ಕರೋನಾ, ಗ್ರಹಣವಿಲ್ಲದೆ, ಉಪಗ್ರಹವಿಲ್ಲದೆ, ನಿಮ್ಮೂರ ಹೊಲಗಳ ನಡುವೆ ನಿಂತ ಆಂಟೆನಾಗಳಿಗೆ ಸಿಗುತ್ತದೆ.

ರಂಧ್ರದಲ್ಲಿ ಸಾಂದ್ರತೆ ಕಡಿಮೆಯಾದ್ದರಿಂದ ಸಾಮಾನ್ಯವಾಗಿ ಅದು ಇಲ್ಲಿಯೂ ಮಸುಕು ತಗ್ಗು. ಆದರೆ ತೀರಾ ಕಡಿಮೆ ಆವರ್ತನಗಳಲ್ಲಿ ಅದೇ ರಂಧ್ರ ಸುತ್ತಲಿನ ಕರೋನಾಕ್ಕಿಂತ ಪ್ರಕಾಶವಾಗಿ ಕಂಡಿರುವುದೂ ಇದೆ. ಸುತ್ತಲಿನ ದಟ್ಟ ಗೋಡೆಗಳಲ್ಲಿ ಅಲೆಗಳು ಬಾಗಿ ರಂಧ್ರದ ಬಾಯಿಂದ ಹೊರಬೀಳುವುದೇ ಅದಕ್ಕೆ ಕಾರಣ ಎಂಬುದು ಹೆಚ್ಚು ಒಪ್ಪಿತ ವಿವರಣೆ. ಚಿತ್ರ ಮಾತ್ರ ಒರಟು. 32 ಆರ್ಕ್‌ಮಿನಿಟಿನ ಸೂರ್ಯನಲ್ಲಿ ಹಲವು ಆರ್ಕ್‌ಮಿನಿಟಿನಷ್ಟೇ ವಿವರ. ಎಫ್‌ಎಂ ಪ್ರಸಾರದ 88–108 ಮೆಗಾಹರ್ಟ್ಸ್ ಈ ವ್ಯಾಪ್ತಿಯ ನಡುವೆಯೇ ಕೂತಿರುವುದು ಇನ್ನೊಂದು ತಲೆನೋವು.

ಪ್ರಶ್ನೆ: ಆದಿತ್ಯ-ಎಲ್1 ಅಷ್ಟು ದೂರ ಹೋಗಿ ಕೂತಿದ್ದರೂ ಅದು ತೆಗೆದ ಕರೋನಾ ರಂಧ್ರದ ಚಿತ್ರ ಎಲ್ಲೂ ಕಾಣಲಿಲ್ಲವಲ್ಲ?
— ಶ್ರೀನಿವಾಸಪುರ

ಉತ್ತರ: ಅದರಲ್ಲಿರುವ ಏಳು ಉಪಕರಣಗಳಲ್ಲಿ ಇಡೀ ಬಿಂಬವನ್ನು 193ರಂಥ ತರಂಗಾಂತರದಲ್ಲಿ ಚಿತ್ರಿಸುವುದು ಒಂದೂ ಇಲ್ಲ. ಬಿಂಬದ ಚಿತ್ರ ತೆಗೆಯುವ ಸೂಟ್ 2000ದಿಂದ 4000 ಆಂಗ್‌ಸ್ಟ್ರಾಮ್‌ನದು. ಆ ಬೆಳಕು ಬರುವುದು ಕೆಳಗಿನ ದ್ಯುತಿಗೋಳ, ವರ್ಣಗೋಳಗಳಿಂದ. ವಿಇಎಲ್‌ಸಿ ಕರೋನಾಗ್ರಾಫ್. ಬಿಂಬವನ್ನು ಮುಚ್ಚಿ, ಸೂರ್ಯನ ತ್ರಿಜ್ಯದ 1.05 ಪಟ್ಟಿನಿಂದ ಆಚೆಗೆ ನೋಡುತ್ತದೆ. ನೀವು ಬೆಂಗಳೂರಿಗೆ ಹೋಗುವ ದಾರಿಯ ಹೊಸಕೋಟೆಯಲ್ಲಿರುವ ಭಾರತೀಯ ಖಭೌತ ಸಂಸ್ಥೆಯ ಆವರಣದಲ್ಲೇ ಅದನ್ನು ಜೋಡಿಸಿದ್ದು. 5303 ಆಂಗ್‌ಸ್ಟ್ರಾಮ್‌ನ ಕಬ್ಬಿಣದ ಹಸಿರು ರೇಖೆಯಲ್ಲಿ ಅದಕ್ಕೆ ಅಂಚಿನ ಮೇಲಿನ ರಂಧ್ರ ಮಸುಕು ಭಾಗವಾಗಿ ಕಂಡೀತು, ಬಿಂಬದ ನಡುವಿನದು ಕಾಣದು.

ಆದರೆ ಚಿತ್ರ ಒಂದೇ ವೀಕ್ಷಣೆಯಲ್ಲ. 2024ರ ಜನವರಿ 6ರಿಂದ ನೌಕೆ ಇರುವ ಎಲ್1 ಬಿಂದು ಭೂಮಿಯಿಂದ ಸೂರ್ಯನ ಕಡೆಗೆ 15 ಲಕ್ಷ ಕಿ.ಮೀ. ರಂಧ್ರದಿಂದ ಹೊರಟ ಮಾರುತ ಮೊದಲು ಅದರ ಮೈಮೇಲೆ ಬೀಳುತ್ತದೆ. ಆಸ್ಪೆಕ್ಸ್ ಮತ್ತು ಪಾಪಾ ಉಪಕರಣಗಳು ಅದರ ಕಣಗಳನ್ನು, ಆರು ಮೀಟರ್ ತೋಳಿಗೆ ಕಟ್ಟಿದ ಕಾಂತಮಾಪಕ ಅದು ಹೊತ್ತು ತಂದ ಕಾಂತಕ್ಷೇತ್ರವನ್ನು ಅಳೆಯುತ್ತವೆ. ಹೂವನ್ನು ತೋರಿಸದೆ ಪರಿಮಳದ ಲೆಕ್ಕ ಕೊಟ್ಟಂತೆ.

ಪ್ರಶ್ನೆ: ಹವ್ಯಾಸಿ ರೇಡಿಯೊ ನಡೆಸುತ್ತೇನೆ. ರಂಧ್ರದ ಚಿತ್ರ ನೋಡಿ ನಮಗೆ ಮಾರುತ ಯಾವಾಗ ತಲುಪುತ್ತದೆಂದು ಮನೆಯಲ್ಲೇ ಲೆಕ್ಕ ಹಾಕಬಹುದೇ?
— ಮಾಲೂರು

ಉತ್ತರ: ಹಾಕಬಹುದು. ರಂಧ್ರ ಬಿಂಬದ ನಡುಗೆರೆಗೆ ಬಂದ ದಿನ ಗುರುತು ಹಾಕಿಕೊಳ್ಳಿ. 15 ಕೋಟಿ ಕಿ.ಮೀ. ದೂರವನ್ನು ಸೆಕೆಂಡಿಗೆ 600 ಕಿ.ಮೀ. ವೇಗದಿಂದ ಭಾಗಿಸಿದರೆ ಎರಡೂವರೆ ಲಕ್ಷ ಸೆಕೆಂಡು, ಸುಮಾರು ಮೂರು ದಿನ. 750ಕ್ಕೆ ಎರಡು ದಿನ ಏಳೆಂಟು ಗಂಟೆ. ಆ ರಂಧ್ರ ಬದುಕಿದ್ದರೆ 27 ದಿನಕ್ಕೆ ಮತ್ತೆ ಎದುರಾಗುತ್ತದೆ. ಗೋಡೆಯ ಕ್ಯಾಲೆಂಡರಿನಲ್ಲಿ 27 ಎಣಿಸಿ ಮುಂದಿನ ಗುರುತು ಹಾಕಿ. ಸೌರಚಕ್ರ 2024ರ ಸುಮಾರಿಗೆ ಗರಿಷ್ಠ ಮುಟ್ಟಿ ಇಳಿಮುಖವಾಗಿದೆ. ಸಮಭಾಜಕದ ಹತ್ತಿರ ದೊಡ್ಡ ರಂಧ್ರಗಳು ಪದೇ ಪದೇ ಬರುವ ಕಾಲ ಇದೇ. ಧ್ರುವಕ್ಕೆ ಅಂಟಿಕೊಂಡ ರಂಧ್ರ ಎಷ್ಟೇ ದೊಡ್ಡದಿದ್ದರೂ ಅದರ ಹರಿವು ಬಹುಮಟ್ಟಿಗೆ ನಮ್ಮ ತಲೆಯ ಮೇಲಿನಿಂದ ಹೋಗುತ್ತದೆ.

ಬಂತೋ ಇಲ್ಲವೋ ಎಂಬುದನ್ನು ಎಲ್1ರ ನೌಕೆಗಳ ರೇಖಾಚಿತ್ರದಲ್ಲಿ ಓದಿ. ವೇಗದ ಮಾರುತ ಎದುರಿನ ನಿಧಾನದ ಮಾರುತವನ್ನು ಹಿಂದಿನಿಂದ ಒತ್ತುವುದರಿಂದ ಮೊದಲು ಸಾಂದ್ರತೆ ಮತ್ತು ಕಾಂತಕ್ಷೇತ್ರ ಏರುತ್ತವೆ. ಆಮೇಲೆ ಸಾಂದ್ರತೆ ಕುಸಿದು ವೇಗ, ಉಷ್ಣತೆ ಏರಿ ಒಂದೆರಡು ದಿನಕ್ಕೂ ಹೆಚ್ಚು ನಿಲ್ಲುತ್ತವೆ. ಈ ಅನುಕ್ರಮ ಇಲ್ಲದೆ ಎಲ್ಲವೂ ಒಮ್ಮೆಗೇ ಜಿಗಿದರೆ ಅದು ಸಿಎಂಇಯ ಆಘಾತ ಅಲೆ. ಎಲ್1ರಿಂದ ನಮಗೆ 600 ಕಿ.ಮೀ. ವೇಗದಲ್ಲಿ 42 ನಿಮಿಷ. ಮಾರ್ಚ್, ಸೆಪ್ಟೆಂಬರ್ ಆಸುಪಾಸಿನಲ್ಲಿ ಅದೇ ಮಾರುತದ ಪೆಟ್ಟು ಹೆಚ್ಚು. ನಮ್ಮ ಅಕ್ಷವೂ ಸೂರ್ಯನ ಕಾಂತಕ್ಷೇತ್ರವೂ ಆಗ ಹೊಂದಿಕೊಳ್ಳುವ ರೀತಿ ಹಾಗಿದೆ. ಮಾಲೂರಿನಿಂದ ಧ್ರುವದ ಮೇಲೆ ಹಾಯುವ ಉತ್ತರ ಅಮೆರಿಕದ ಎಚ್‌ಎಫ್ (ಶಾರ್ಟ್‌ವೇವ್) ಸಂಪರ್ಕ ಆ ದಿನಗಳಲ್ಲಿ ಕೆಡುತ್ತದೆ, ದಕ್ಷಿಣ ಭಾರತದೊಳಗಿನದು ಅಷ್ಟಾಗಿ ಅಲ್ಲ. ಅರೋರಾ (ಧ್ರುವಪ್ರಭೆ) ಕಾಣುವ ಆಸೆ ಬೇಡ. 2024ರ ಮೇ ತಿಂಗಳಲ್ಲಿ ಲಡಾಖಿನ ಹಾನ್ಲೆಗೆ ಕಂಡ ಕೆಂಪು ಬೆಳಕು ಸಾಲಾಗಿ ಬಂದ ಸಿಎಂಇಗಳ ಫಲ, ರಂಧ್ರದ್ದಲ್ಲ.

ಪ್ರಶ್ನೆ: ಇದನ್ನೆಲ್ಲ ಮೊದಲು ಕಂಡುಹಿಡಿದದ್ದು ಯಾವ ನೌಕೆ? ಪಾರ್ಕರ್ ನೌಕೆ ಹೊಸದಾಗಿ ಏನು ಹೇಳಿತು?
— ಗುಬ್ಬಿ ಮತ್ತು ಮುಳಬಾಗಿಲಿನಿಂದ ಇಬ್ಬರು

ಉತ್ತರ: ಪರಿಣಾಮ ಮೊದಲು ಸಿಕ್ಕಿತು, ಕಾರಣ ನಲವತ್ತು ವರ್ಷ ತಡವಾಗಿ. 27 ದಿನಕ್ಕೊಮ್ಮೆ ಭೂಮಿಯ ಕಾಂತಕ್ಷೇತ್ರ ಕದಡುತ್ತದೆ, ಆದರೆ ಆಗ ಸೂರ್ಯನಲ್ಲಿ ಕಲೆಯೇ ಇರುವುದಿಲ್ಲ ಎಂಬುದನ್ನು ಜರ್ಮನಿಯ ಭೂಭೌತ ವಿಜ್ಞಾನಿ ಜೂಲಿಯಸ್ ಬಾರ್ಟೆಲ್ಸ್ 1932ರಲ್ಲಿ ತೋರಿಸಿ, ಆ ಕಾಣದ ಜಾಗಗಳನ್ನು 'ಎಂ ಪ್ರದೇಶ' ಎಂದ. 1950ರ ದಶಕದಲ್ಲಿ ಸ್ವಿಟ್ಜರ್‌ಲೆಂಡಿನ ಮ್ಯಾಕ್ಸ್ ವಾಲ್ಡ್‌ಮಿಯರ್ ಕರೋನಾಗ್ರಾಫಿನಲ್ಲಿ ಮಸುಕು ಜಾಗಗಳನ್ನು ಕಂಡು ರಂಧ್ರವೆಂದು ಕರೆದ. ಎರಡನ್ನೂ ಗಂಟು ಹಾಕಿದ್ದು ರಾಕೆಟ್‌ಗಳ ಮತ್ತು 1973–74ರ ಅಮೆರಿಕದ ಬಾಹ್ಯಾಕಾಶ ನಿಲ್ದಾಣ ಸ್ಕೈಲ್ಯಾಬ್‌ನ ಕ್ಷ-ಕಿರಣ ಚಿತ್ರಗಳು. ಸ್ಕೈಲ್ಯಾಬ್ ತಿಂಗಳುಗಟ್ಟಲೆ ಬೆನ್ನು ಹತ್ತಿದ ಬೂಟಿನಾಕಾರದ ರಂಧ್ರವೊಂದು ವಿಚಿತ್ರ ತೋರಿಸಿತು. ಸೂರ್ಯನ ಮೈ ಸಮಭಾಜಕದಲ್ಲಿ 25 ದಿನಕ್ಕೂ (ತಾನೂ ಚಲಿಸುವ ಭೂಮಿಯಿಂದ ನೋಡಿದರೆ ಸುಮಾರು 27) ಧ್ರುವದ ಬಳಿ 35 ದಿನದ ಸುಮಾರಿಗೂ ಒಂದು ಸುತ್ತು ತಿರುಗುತ್ತದೆ. ಆ ರಂಧ್ರ ಧ್ರುವದಿಂದ ಸಮಭಾಜಕದಾಚೆಗೆ ಚಾಚಿದ್ದರೂ ತಿರುಚಿಕೊಳ್ಳದೆ ಹಲಗೆಯಂತೆ ಒಟ್ಟಿಗೇ ತಿರುಗಿತು. ಅಂಚಿನಲ್ಲಿ ಮುಚ್ಚಿದ ಕುಣಿಕೆಗಳೂ ತೆರೆದ ರೇಖೆಗಳೂ ಕತ್ತರಿಸಿ ಮರುಜೋಡಣೆಯಾಗುತ್ತ ಗಡಿಯನ್ನು ಕಾಯ್ದುಕೊಳ್ಳುತ್ತವೆ ಎಂಬುದು ಇಂದಿನ ವಿವರಣೆ.

1990ರಲ್ಲಿ ಹೊರಟ ಯುಲಿಸಿಸ್ ಗುರುಗ್ರಹದ ಸೆಳೆತದಿಂದ ಕಕ್ಷೆ ತಿರುಗಿಸಿಕೊಂಡು ಸೂರ್ಯನ ಧ್ರುವಗಳ ಮೇಲೆ ಹಾದು, ಅಲ್ಲಿಯ ರಂಧ್ರಗಳಿಂದ 750 ಕಿ.ಮೀ. ವೇಗದ ಮಾರುತ ಎಡೆಬಿಡದೆ ಬರುವುದನ್ನು ಅಳೆಯಿತು. ನಾಸಾದ ಪಾರ್ಕರ್ ನೌಕೆ 2024ರ ಡಿಸೆಂಬರ್ 24ರಂದು ಸೂರ್ಯನ ಮೇಲ್ಮೈಯಿಂದ 61 ಲಕ್ಷ ಕಿ.ಮೀ. ದೂರದವರೆಗೆ ಹೋಗಿದೆ. ರಂಧ್ರದ ಮಾರುತದಲ್ಲಿ ಕಾಂತಕ್ಷೇತ್ರ ಇದ್ದಕ್ಕಿದ್ದಂತೆ ಹಿಂದಕ್ಕೆ ಮಡಚಿ ನೆಟ್ಟಗಾಗುವ ತಿರುವುಗಳನ್ನು ಅದು ಹೇರಳವಾಗಿ ಕಂಡಿತು. ಬುಡದಲ್ಲಿ ನಡೆಯುವ ಮರುಜೋಡಣೆಯೇ ಮಾರುತಕ್ಕೆ ಶಕ್ತಿ ಕೊಡುತ್ತದೆಂಬ ವಾದಕ್ಕೆ ಅದರ ಅಳತೆಗಳು ಬಲ ತಂದಿವೆ. ಸೋಲಾರ್ ಆರ್ಬಿಟರ್ ನೌಕೆ ಇನ್ನೂ ಸೂಕ್ಷ್ಮವಾದ ನೋಟ ಕೊಟ್ಟಿದೆ. ಕಪ್ಪೆಂದುಕೊಂಡ ರಂಧ್ರದ ಒಳಗೆ 20ರಿಂದ 100 ಸೆಕೆಂಡು ಬದುಕುವ, ಸೆಕೆಂಡಿಗೆ 100 ಕಿ.ಮೀ. ವೇಗದ ಪುಟಾಣಿ ಚಿಲುಮೆಗಳು ಎಲ್ಲೆಲ್ಲೂ ಚಿಮ್ಮುತ್ತಿವೆ. ನಮಗೆ ಪಾರ್ಕರ್‌ನ ದಾಖಲೆಗಳಿಗಿಂತ ಇದೇ ಹೆಚ್ಚು ಹಿಡಿಸಿದ್ದು. ತೂಬಿನಿಂದ ನೀರು ಸಮವಾಗಿ ಹರಿಯುತ್ತಿಲ್ಲ, ಸಾವಿರಾರು ಕಡೆಯಿಂದ ಚಿಲ್ಲೆಂದು ಹಾರುತ್ತಿದೆ.

ಪ್ರಶ್ನೆ: 1965ರಲ್ಲಿ ನಮ್ಮ ಗಣಿಯಲ್ಲಿ ನ್ಯೂಟ್ರಿನೊ ಸಿಕ್ಕಿತ್ತು. ರಂಧ್ರ ಬಿದ್ದಾಗ ಸೂರ್ಯನಿಂದ ಅವು ಹೆಚ್ಚು ಬರುತ್ತವೆಯೇ?
— ಕೆಜಿಎಫ್

ಉತ್ತರ: ನ್ಯೂಟ್ರಿನೊ ಎಂಬ, ಯಾವುದಕ್ಕೂ ಸುಲಭವಾಗಿ ತಾಗದ ಕಣಗಳು ಸೂರ್ಯನಲ್ಲಿ ಹುಟ್ಟುವುದು ನಡುಗರ್ಭದಲ್ಲಿ. ಹೊರ ಕರೋನಾದ ಗೊಡವೆ ಅವಕ್ಕಿಲ್ಲ. ನಿಮ್ಮ ಗಣಿಯ 2.3 ಕಿ.ಮೀ. ಆಳದಲ್ಲಿ ಸಿಕ್ಕವು ಸೂರ್ಯನವೂ ಅಲ್ಲ, ವಿಶ್ವಕಿರಣಗಳು, ಅಂದರೆ ಅಂತರಿಕ್ಷದಿಂದ ಬರುವ ಭಾರೀ ವೇಗದ ಕಣಗಳು, ನಮ್ಮ ವಾತಾವರಣಕ್ಕೆ ಬಡಿದಾಗ ಹುಟ್ಟಿದವು. ಆ ವಿಶ್ವಕಿರಣಗಳಿಗೆ ಮಾತ್ರ ರಂಧ್ರದ ನಂಟು ಸ್ವಲ್ಪ ಇದೆ. ವೇಗದ ಮಾರುತ ಬೀಸಿದಾಗ ಕಡಿಮೆ ಶಕ್ತಿಯ ವಿಶ್ವಕಿರಣಗಳನ್ನು ತುಸು ಹೊರಗೆ ತಳ್ಳುತ್ತದೆ, 27 ದಿನಕ್ಕೊಮ್ಮೆ ನೆಲದ ಮೇಲಿನ ಮಾಪಕಗಳಲ್ಲಿ ಸಣ್ಣ ಇಳಿತ ಕಾಣುತ್ತದೆ. ಗಣಿಯ ತಳದವರೆಗೆ ತಲುಪುವಷ್ಟು ಶಕ್ತಿಯವು ಆ ಮಾರುತಕ್ಕೆ ಜಗ್ಗುವುದಿಲ್ಲ.